ಲ್ಯಾಪ್‌ಟಾಪ್ ಕೊಳ್ಳುವ ಕ್ರಮ: ತುಮಕೂರಿನ ವಿದ್ಯಾರ್ಥಿಗಳಿಗೂ ನಿತ್ಯ ಪ್ರಯಾಣಿಕರಿಗೂ ಸಮಗ್ರ ಮಾರ್ಗದರ್ಶಿ

ತಪ್ಪು ಲ್ಯಾಪ್‌ಟಾಪ್ ಕೊಂಡವರಲ್ಲಿ ಹೆಚ್ಚಿನವರು ಅವಸರದವರೇನಲ್ಲ. ವಾರಗಟ್ಟಲೆ ವಿಚಾರಿಸಿ, ನಾಲ್ಕು ಜನರ ಮಾತು ಕೇಳಿ, ಎರಡು ಮೂರು ಅಂಗಡಿ ಸುತ್ತಿಯೇ ಕೊಂಡಿರುತ್ತಾರೆ. ಅವರು ಎಡವುವುದು ಕ್ರಮದಲ್ಲಿ. ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಪ್ರೊಸೆಸರ್ ಹೆಸರು ಕೇಳುತ್ತಾರೆ, ಆಮೇಲೆ ಜೊತೆಗೆ ಬರುವ ಬ್ಯಾಗು ಮತ್ತು ಮೌಸಿನ ಮಾತಾಡುತ್ತಾರೆ. ತೂಕ, ಪರದೆ, ಕೀಲಿಮಣೆ, ಸರ್ವಿಸ್ ಸೆಂಟರ್ ಇವೆಲ್ಲ ಮನೆಗೆ ಬಂದ ಮೇಲೆ ನೆನಪಾಗುತ್ತವೆ. ಈ ಸರಣಿಯನ್ನು ತಿರುಗಿಸಬೇಕು. ಕೊಂಡ ಮೇಲೆ ಬದಲಾಯಿಸಲಾಗದ್ದನ್ನು ಮೊದಲು ನೋಡಬೇಕು, ಬದಲಾಯಿಸಬಹುದಾದದ್ದನ್ನು ಕೊನೆಗೆ ಬಿಡಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿವೆ.

ಹೊರಡುವ ಮುನ್ನ ಕೈಯಲ್ಲಿರಬೇಕಾದವು

ಒಂದು ನೋಟ್‌ಬುಕ್ಕು, ಅಡುಗೆಮನೆಯ ತೂಕದ ಯಂತ್ರ, ಎರಡು ಮೂರು ಕಡತಗಳನ್ನು ತುಂಬಿದ ಪೆನ್‌ಡ್ರೈವ್, ಇಂಟರ್ನೆಟ್ ಇರುವ ಮೊಬೈಲ್. ಪೆನ್‌ಡ್ರೈವ್‌ನಲ್ಲಿ ಒಂದು ಪಹಣಿ ಅಥವಾ ಕನ್ನಡದ ಬೇರಾವುದಾದರೂ ಪಿಡಿಎಫ್, ನೀವು ದಿನವೂ ಬಳಸುವಂಥ ಒಂದು ಎಕ್ಸೆಲ್ ಹಾಳೆ, ಜನರ ಮುಖಗಳಿರುವ ಒಂದು ಫೋಟೊ ಇರಲಿ. ಇವುಗಳ ಉಪಯೋಗ ನಾಲ್ಕನೆಯ ಹಂತದಲ್ಲಿ ಬರುತ್ತದೆ.

ಹಂತ 1: ಯಾವ ತಂತ್ರಾಂಶವನ್ನು ಬಿಡಲಾಗದು ಎಂದು ಬರೆಯಿರಿ

"ಓದಿಗೆ", "ಆಫೀಸಿಗೆ" ಎಂದು ಬರೆದರೆ ಪ್ರಯೋಜನವಿಲ್ಲ. ಯಾವ ತಂತ್ರಾಂಶ ಇಲ್ಲದಿದ್ದರೆ ನಿಮ್ಮ ಕೆಲಸ ನಿಂತುಹೋಗುತ್ತದೆಯೋ ಅದರ ಹೆಸರನ್ನೇ ಬರೆಯಬೇಕು, ಏಕೆಂದರೆ ಯಾವ ಬಗೆಯ ಯಂತ್ರ ಎಂಬುದನ್ನು ನಿರ್ಧರಿಸುವುದು ಆ ಹೆಸರೇ. ಕನ್ನಡ ಟೈಪಿಂಗ್‌ನ ನುಡಿ, ಲೆಕ್ಕಪತ್ರದ ಟ್ಯಾಲಿ ಪ್ರೈಮ್, ಮೂರು ಆಯಾಮದ ವಿನ್ಯಾಸದ ಸಾಲಿಡ್‌ವರ್ಕ್ಸ್ ಈ ಮೂರೂ ವಿಂಡೋಸ್‌ಗಾಗಿ ಮಾಡಿದವು. ಪಂಚಾಯಿತಿ, ಡಿಟಿಪಿ ಅಂಗಡಿ ಅಥವಾ ವಕೀಲರ ಕಚೇರಿಯಲ್ಲಿ ಹಳೆಯ ನುಡಿ ಕಡತಗಳನ್ನು ತೆರೆಯಬೇಕಾದವರು ವಿಂಡೋಸ್ ಇಲ್ಲದ ಮ್ಯಾಕ್‌ಬುಕ್ಕಿಗೋ ಕ್ರೋಮ್‌ಬುಕ್ಕಿಗೋ ಕೈಹಾಕಿದರೆ ಮೊದಲ ವಾರದಲ್ಲೇ ತೊಂದರೆಗೆ ಸಿಲುಕುತ್ತಾರೆ.

ವಿಂಡೋಸ್‌ನಲ್ಲೂ ಈಗ ಎರಡು ಜಾತಿಗಳಿವೆ. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್ ಇರುವವು ಒಂದು, ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಇರುವ, ಆರ್ಮ್ ಎಂಬ ಬೇರೆ ವಿನ್ಯಾಸದ ಯಂತ್ರಗಳು ಇನ್ನೊಂದು. ಎರಡನೆಯವುಗಳ ಬ್ಯಾಟರಿ ಬಾಳಿಕೆ ಚೆನ್ನಾಗಿರುವುದು ನಿಜ. ಆದರೆ ಹೊರಗಿನಿಂದ ಜೋಡಿಸುವ ಉಪಕರಣಗಳಿಗೆ ಆರ್ಮ್‌ಗೆಂದೇ ಬರೆದ ಡ್ರೈವರ್, ಅಂದರೆ ಉಪಕರಣವನ್ನು ನಡೆಸುವ ತಂತ್ರಾಂಶ, ಬೇಕಾಗುತ್ತದೆ. ತೆರಿಗೆ ಸಲಹೆಗಾರರ ಡಿಜಿಟಲ್ ಸಹಿಯ ಟೋಕನ್, ಸೇವಾ ಕೇಂದ್ರಗಳ ಬೆರಳಚ್ಚು ಯಂತ್ರ, ಹಳೆಯ ಪ್ರಿಂಟರ್ ಇವುಗಳಿಗೆ ಅಂಥ ಡ್ರೈವರ್ ಉಂಟೇ ಎಂದು ಉಪಕರಣ ತಯಾರಕರ ಜಾಲತಾಣದಲ್ಲಿ ನೋಡಿಕೊಳ್ಳದೆ ಮುಂದುವರಿಯಬಾರದು.

ಎಂಜಿನಿಯರಿಂಗ್ ಸೇರುವ ಮಕ್ಕಳ ಪಾಲಕರಿಗೆ ಒಂದು ಮಾತು. ಕಂಪ್ಯೂಟರ್ ಸೈನ್ಸ್ ಎಂದ ಮಾತ್ರಕ್ಕೆ ಗೇಮಿಂಗ್ ಲ್ಯಾಪ್‌ಟಾಪ್ ಬೇಕಿಲ್ಲ. ಸಿ, ಪೈಥಾನ್, ಜಾವಾ ಕಲಿಯಲು ಸಾಧಾರಣ ಯಂತ್ರ ಸಾಕು. ಮಷಿನ್ ಲರ್ನಿಂಗ್ ಅಭ್ಯಾಸಕ್ಕೆ ಗೂಗಲ್ ಕೊಲ್ಯಾಬ್‌ನಂಥ ಸೇವೆ ಬ್ರೌಸರ್‌ನಲ್ಲೇ ಸಿಗುತ್ತದೆ. ಮೂರು ಆಯಾಮದ ವಿನ್ಯಾಸ ಮಾಡುವ ಮೆಕ್ಯಾನಿಕಲ್ ಮತ್ತು ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಹಂತ 2: ಎಷ್ಟು ದೂರ, ಯಾವುದರಲ್ಲಿ ಹೊರುತ್ತೀರಿ

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ದಿನವೂ ಬೆಳಗಿನ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಸಂಜೆ ಮರಳುವವರಿಗೆ ಎಲ್ಲಕ್ಕಿಂತ ಮೊದಲು ಲೆಕ್ಕಕ್ಕೆ ಬರುವುದು ತೂಕ. ಕ್ಯಾತ್ಸಂದ್ರದಲ್ಲಿ ಹತ್ತಿದವರು ಎಷ್ಟೋ ದಿನ ನಿಂತೇ ಹೋಗುತ್ತಾರೆ, ಬ್ಯಾಗು ಎದೆಯ ಮೇಲಿರುತ್ತದೆ. ನಾನೂ ಒಮ್ಮೆ 2.4 ಕಿಲೋದ ಲ್ಯಾಪ್‌ಟಾಪ್ ಕೊಂಡೆ, ಪೆಟ್ಟಿಗೆಯ ಮೇಲೆ ತೂಕ ಬರೆದಿದ್ದರೂ ಲಕ್ಷ್ಯ ಕೊಡಲಿಲ್ಲ. ಅದರ ಚಾರ್ಜರ್ ಇಟ್ಟಿಗೆಯಂತಿತ್ತು. ತೂಗಿದಾಗ 600 ಗ್ರಾಂ ದಾಟಿತು. ಊಟದ ಡಬ್ಬಿ, ನೀರಿನ ಬಾಟಲಿ ಸೇರಿ ಹೆಗಲ ಮೇಲೆ ಐದು ಕಿಲೋ. ಏಳನೆಯ ತಿಂಗಳಿಗೆ ಅದು ಮನೆಯ ಮೇಜು ಬಿಟ್ಟು ಕದಲಲಿಲ್ಲ, ಹೊರಲೆಂದು ಕೊಂಡ ಯಂತ್ರ ಡೆಸ್ಕ್‌ಟಾಪ್ ಆಗಿ ಕುಳಿತಿತು.

ಪರೀಕ್ಷೆ ಸುಲಭವಾಗಿದೆ. ನಿಮ್ಮ ದಿನನಿತ್ಯದ ಬ್ಯಾಗಿನಲ್ಲಿ ಎರಡು ಕಿಲೋ ಅಕ್ಕಿ ಹಾಕಿಕೊಂಡು ಮೂರು ದಿನ ಓಡಾಡಿ. ಹೆಗಲು ಒಪ್ಪದಿದ್ದರೆ ಚಾರ್ಜರ್ ಸೇರಿ 1.7 ಕಿಲೋ ಒಳಗಿನ 14 ಇಂಚಿನ ಯಂತ್ರಗಳನ್ನಷ್ಟೇ ನೋಡಿ. 15.6 ಇಂಚಿನವು ಸಾಮಾನ್ಯವಾಗಿ 1.6ರಿಂದ 1.8 ಕಿಲೋ, ಗೇಮಿಂಗ್‌ನವು 2.2 ಕಿಲೋದ ಆಚೀಚೆ ಇರುತ್ತವೆ. ಜಾಹೀರಾತಿನ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ ಎಂಬುದನ್ನು ಮರೆಯಬಾರದು.

ಹಾಸ್ಟೆಲ್ಲಿನಲ್ಲೇ ಇದ್ದು ವಾರಕ್ಕೊಮ್ಮೆ ಮಾತ್ರ ಶಿರಾ ಅಥವಾ ಮಧುಗಿರಿಗೆ ಒಯ್ಯುವವರು ತೂಕದ ವಿಷಯದಲ್ಲಿ ಸಡಿಲಿಸಬಹುದು. ಉಳಿಸಿದ ಹಣವನ್ನು ಪರದೆಗೆ ಹಾಕಿ.

ಹಂತ 3: ಹಣವನ್ನು ಭಾಗ ಮಾಡಿಕೊಳ್ಳಿ

ಕೈಯಲ್ಲಿ 50,000 ರೂಪಾಯಿ ಇದ್ದರೆ ಲ್ಯಾಪ್‌ಟಾಪ್‌ನ ಬೆಲೆ 50,000 ಎಂದುಕೊಳ್ಳಬಾರದು. ವಾರಂಟಿ ವಿಸ್ತರಣೆ, ಬ್ಯಾಗು, ಹೊರಗಿನ ಮೌಸು, ಆಫೀಸ್ ತಂತ್ರಾಂಶದ ಪರವಾನಗಿ ಇವಕ್ಕೆಲ್ಲ ಸೇರಿ ಹತ್ತರಲ್ಲಿ ಒಂದು ಭಾಗವನ್ನು ಮೊದಲೇ ತೆಗೆದಿಡಿ. ಎಂಎಸ್ ಆಫೀಸ್ ಉಚಿತ ಎಂದರೆ ಶಾಶ್ವತವೋ ಒಂದು ವರ್ಷದ ಚಂದಾವೋ ಎಂದು ಕೇಳಿ. ಎರಡೂ ಬಗೆಯವು ಮಾರುಕಟ್ಟೆಯಲ್ಲಿವೆ. ಹೇಳಿದ ಬೆಲೆಯಲ್ಲಿ ಶೇ. 18ರ ಜಿಎಸ್‌ಟಿ ಸೇರಿದೆಯೇ ಎಂದೂ ಕೇಳಿ. ಸ್ವಂತ ವ್ಯವಹಾರಕ್ಕೆ ಕೊಳ್ಳುವ ಜಿಎಸ್‌ಟಿ ನೋಂದಾಯಿತರು ಬಿಲ್ಲಿನಲ್ಲಿ ತಮ್ಮ ಸಂಖ್ಯೆ ಬರೆಸಿಕೊಳ್ಳದೆ ಹೊರಬರಬಾರದು, ತೆರಿಗೆಯ ಜಮೆ ಸಿಗುವುದು ಆ ಸಂಖ್ಯೆಯ ಮೇಲೆ.

ಕಂತಿನಲ್ಲಿ ಕೊಳ್ಳುವವರು ಬಡ್ಡಿಯಿಲ್ಲ ಎಂಬ ಫಲಕಕ್ಕೆ ಮರುಳಾಗದೆ, ಸಂಸ್ಕರಣಾ ಶುಲ್ಕ ಎಷ್ಟು, ನಗದಿಗೆ ಕೊಡುವ ರಿಯಾಯಿತಿ ಕಂತಿಗೂ ಇದೆಯೇ ಎಂಬ ಎರಡನ್ನು ಕೇಳಿದರೆ ನಿಜವಾದ ಬೆಲೆ ತಿಳಿಯುತ್ತದೆ.

ಹಂತ 4: ಬದಲಾಯಿಸಲಾಗದ ಭಾಗಗಳನ್ನು ಕಣ್ಣಿಂದ, ಕೈಯಿಂದ ನೋಡಿ

ಇದೇ ಮುಖ್ಯ ಹಂತ. ಇದಕ್ಕಾಗಿ ಬಿ.ಎಚ್. ರಸ್ತೆಯ ಅಥವಾ ಎಂ.ಜಿ. ರಸ್ತೆಯ ಅಂಗಡಿಗೆ ಹೋಗಲೇಬೇಕು. ಕೊಳ್ಳುವುದು ಆನ್‌ಲೈನ್‌ನಲ್ಲಾದರೂ ಮುಟ್ಟಿ ನೋಡುವುದು ಇಲ್ಲಿಯೇ ಆಗಬೇಕು.

ಮೊದಲು ಪರದೆ. ಅಂಗಡಿಯಲ್ಲಿ ಓಡುತ್ತಿರುವ ಹಕ್ಕಿ, ಹೂವು, ಜಲಪಾತದ ವಿಡಿಯೊ ನೋಡಿ ತೀರ್ಮಾನಿಸಬೇಡಿ, ಅದರಲ್ಲಿ ಯಾವ ಪರದೆಯೂ ಚೆಂದವಾಗಿಯೇ ಕಾಣುತ್ತದೆ. ನಿಮ್ಮ ಪೆನ್‌ಡ್ರೈವ್ ಹಾಕಲು ಅನುಮತಿ ಕೇಳಿ, ಪಹಣಿಯನ್ನು ತೆರೆದು, ನೂರಕ್ಕೆ ನೂರು ಗಾತ್ರದಲ್ಲಿ ಇಟ್ಟು, ಒತ್ತಕ್ಷರಗಳನ್ನು ಓದಿ. "ರಾಷ್ಟ್ರೀಯ", "ಲಕ್ಷ್ಮಮ್ಮ" ಎಂಬಲ್ಲಿ ಕೆಳಗಿನ ಒತ್ತುಗಳು ಬಿಡಿಬಿಡಿಯಾಗಿ ಕಾಣಬೇಕು. 15.6 ಇಂಚಿನಲ್ಲಿ 1366 ಗುಣಿಸು 768 ಚುಕ್ಕಿಗಳ ಹಳೆಯ ಪರದೆಯಾದರೆ ಇಂಚಿಗೆ ಬರೀ 100 ಚುಕ್ಕಿ, ಒತ್ತುಗಳು ಮಸಿ ಚೆಲ್ಲಿದಂತೆ ಕೂಡಿಕೊಳ್ಳುತ್ತವೆ. ಅದೇ ಗಾತ್ರದ ಫುಲ್ ಎಚ್‌ಡಿಯಲ್ಲಿ (1920 ಗುಣಿಸು 1080) ಇಂಚಿಗೆ 141, 14 ಇಂಚಿನಲ್ಲಿ 157. ಇಂಗ್ಲಿಷ್ ಓದುವವರಿಗಿಂತ ಕನ್ನಡ ಓದುವವರಿಗೆ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ, ಏಕೆಂದರೆ ನಮ್ಮ ಅಕ್ಷರ ಕೆಳಕ್ಕೂ ಬೆಳೆಯುತ್ತದೆ.

ಆಮೇಲೆ ಲ್ಯಾಪ್‌ಟಾಪನ್ನು ಅಂಗಡಿಯ ಬಾಗಿಲ ಬಳಿ, ಹಗಲಿನ ಬೆಳಕಿಗೆ ತಂದು ನೋಡಬೇಕು. ವಿವರಪಟ್ಟಿಯಲ್ಲಿ ನಿಟ್ಸ್ ಎಂದು ಬರೆದಿರುವುದು ಪರದೆಯ ಪ್ರಖರತೆ. 250 ನಿಟ್ಸ್ ಒಳಮನೆಗೆ ಸಾಕು. ರೈಲಿನ ಕಿಟಕಿಯ ಪಕ್ಕಕ್ಕೂ ಜಗಲಿಗೂ 300ರ ಮೇಲಿರಲಿ. ಫೋಟೊದಲ್ಲಿ ಮುಖಗಳು ಮಣ್ಣುಬಣ್ಣಕ್ಕೆ ತಿರುಗಿದರೆ ಅದು ಶೇ. 45 ಎನ್‌ಟಿಎಸ್‌ಸಿ (ಎಷ್ಟು ಬಣ್ಣ ತೋರಿಸಬಲ್ಲದು ಎಂಬ ಅಳತೆ) ಎಂದು ಬರೆದಿರುವ ಅಗ್ಗದ ಪರದೆಯಾಗಿರುವ ಸಂಭವ ಹೆಚ್ಚು. ಮದುವೆ ಫೋಟೊ, ಬ್ಯಾನರ್ ವಿನ್ಯಾಸ ಮಾಡುವವರು ಬಣ್ಣದ ಇನ್ನೊಂದು ಅಳತೆಯಲ್ಲಿ ಶೇ. 100 ಎಸ್‌ಆರ್‌ಜಿಬಿ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಬೇಕು. ಪರದೆಯ ಪ್ರಖರತೆ, ಬಣ್ಣ ಈ ಎರಡರ ಅಂಕಿಗಳನ್ನು ಎಲ್ಲೂ ಹೇಳದ ಮಾದರಿ ಎಂದರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂದೇ ನಾನು ತಿಳಿಯುತ್ತೇನೆ.

ಎರಡನೆಯದು ಕೀಲಿಮಣೆ. ನಿಂತುಕೊಂಡು ನಾಲ್ಕು ಕೀಲಿ ಒತ್ತಿದರೆ ಏನೂ ತಿಳಿಯದು. ಕುರ್ಚಿ ಕೇಳಿ ಕುಳಿತು ಹತ್ತು ಸಾಲು ಟೈಪಿಸಿ, ನಡುವೆ ಕೀಲಿಮಣೆ ಬಗ್ಗುತ್ತದೆಯೇ ನೋಡಿ. ಲೆಕ್ಕಪತ್ರದ ಕೆಲಸದವರಿಗೆ ಬಲಗಡೆ ಪ್ರತ್ಯೇಕ ಅಂಕಿ ಕೀಲಿಗಳು ಬೇಕು, ಅವು 14 ಇಂಚಿನಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಕನ್ನಡ ಟೈಪಿಂಗ್‌ಗೆ ಬೇರೆ ಕೀಲಿಮಣೆ ಬೇಕಿಲ್ಲ. ವಿಂಡೋಸ್ 11ರ ಭಾಷಾ ಆಯ್ಕೆಗಳಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಸಾಕು. ಕನ್ನಡ ಹಾಕಿಕೊಡಲು ದುಡ್ಡು ಕೇಳುವವರಿದ್ದಾರೆ, ಕೊಡಬೇಡಿ.

ಮೂರನೆಯದು ರ‍್ಯಾಮ್. ತೆರೆದಿರುವ ಕೆಲಸವನ್ನು ಹಿಡಿದಿಡುವ ಮೆಮೊರಿ ಇದು. 8 ಜಿಬಿ ಈಗ ಕನಿಷ್ಠ, 16 ಜಿಬಿ ನೆಮ್ಮದಿ. ಇಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟಿದೆ ಎಂಬುದಲ್ಲ, ಮುಂದೆ ಸೇರಿಸಬಹುದೇ ಎಂಬುದು. ತೆಳ್ಳನೆಯ ಮಾದರಿಗಳಲ್ಲಿ ರ‍್ಯಾಮ್ ಚಿಪ್ಪನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ, ಮತ್ತೆ ಮುಟ್ಟಲಾಗದು. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ರ‍್ಯಾಮ್ ಪ್ರೊಸೆಸರ್‌ನ ಜೊತೆಗೇ ಅಂಟಿಕೊಂಡು ಬರುತ್ತದೆ. ಅಂಗಡಿಯ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟಕ್ಕೆ ಹೋದರೆ ಮೆಮೊರಿ ಕೂರಿಸುವ ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ತುಂಬಿವೆ ಎಂದು ತೋರಿಸುತ್ತದೆ, ಆದರೆ ಬೆಸುಗೆಯ ಚಿಪ್ಪನ್ನೂ ಕೆಲವೊಮ್ಮೆ ಸ್ಲಾಟ್ ಎಂದೇ ಎಣಿಸುವುದರಿಂದ ತಯಾರಕರ ವಿವರಪಟ್ಟಿಯನ್ನೂ ಓದಿ ಖಚಿತಪಡಿಸಿಕೊಳ್ಳಿ. ಬೆಸುಗೆಯದ್ದಾದರೆ 16 ಜಿಬಿಗಿಂತ ಕಡಿಮೆ ಬೇಡ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿರುವುದರಿಂದ, "ಆಮೇಲೆ ಹಾಕಿಸಿಕೊಳ್ಳಿ ಸಾರ್, ಅಗ್ಗ" ಎಂಬ ಹಳೆಯ ಸಲಹೆಯನ್ನೂ ಈಗ ಬೆಲೆ ಕೇಳಿಯೇ ನಂಬಬೇಕು.

ಕಡತಗಳನ್ನು ಕೂಡಿಡುವ ಎಸ್‌ಎಸ್‌ಡಿಯನ್ನು ಹೆಚ್ಚಿನ ಯಂತ್ರಗಳಲ್ಲಿ ಬದಲಾಯಿಸಬಹುದು, ಆದ್ದರಿಂದ 512 ಜಿಬಿಯ ಎನ್‌ವಿಎಂಇ ಎಂಬ ವೇಗದ ಬಗೆಯದು ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಎಂಎಂಸಿ, ಅಂದರೆ ಬೋರ್ಡಿಗೆ ಬೆಸೆದ ನಿಧಾನದ ಸಂಗ್ರಹ, ಎಂದು ಬರೆದಿದ್ದರೆ ಮಾತ್ರ ಅಲ್ಲಿಂದ ಏಳಿ.

ಹಂತ 5: ಪ್ರೊಸೆಸರ್‌ನ ಹೆಸರಲ್ಲ, ಸಂಖ್ಯೆ ಓದಿ

ಗುಬ್ಬಿಯ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಮಗಳಿಗೆಂದು "ಐ7" ಕೇಳಿ ಕೊಂಡುತಂದರು. ಅದು ಐ7 ಎಂಬುದು ಸುಳ್ಳಲ್ಲ, ಆದರೆ ಆರನೆಯ ತಲೆಮಾರಿನದು, ನವೀಕರಿಸಿದ ಹಳೆಯ ಯಂತ್ರ. ಇಂಟೆಲ್‌ನ ಪ್ರೊಸೆಸರ್‌ಗಳಲ್ಲಿ ಎಂಟನೆಯ ತಲೆಮಾರಿನಿಂದ ಈಚಿನವಕ್ಕೆ, ಅಪರೂಪದ ಒಂದೆರಡು ಹೊರತು, ಮಾತ್ರ ವಿಂಡೋಸ್ 11ರ ಅಧಿಕೃತ ಬೆಂಬಲವಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಹಣಕ್ಕೆ ಹೊಸ ಐ3 ಬರುತ್ತಿತ್ತು, ಅದು ಇದಕ್ಕಿಂತ ಚುರುಕಾಗಿಯೂ ಇರುತ್ತಿತ್ತು.

ಐ5-1335ಯು ಎಂಬಲ್ಲಿ ಮೊದಲ ಎರಡು ಅಂಕಿ, ಅಂದರೆ 13, ತಲೆಮಾರು. ಕೊನೆಯ ಅಕ್ಷರ ವಿದ್ಯುತ್ ಬಳಕೆಯ ಗುರುತು. 12 ಮತ್ತು 13ನೆಯ ತಲೆಮಾರಿನಲ್ಲಿ ಯು ಎಂದರೆ ಮೂಲ ಬಳಕೆ 15 ವ್ಯಾಟ್, ಪಿ ಎಂದರೆ 28, ಎಚ್ ಎಂದರೆ 45. ಹೊತ್ತು ತಿರುಗುವವರಿಗೆ ಯು ಹಿತ. ಈಚೆಗೆ ಬಂದ ಕೋರ್ ಅಲ್ಟ್ರಾ 5 ಬೇರೆ, ಅಲ್ಟ್ರಾ ಇಲ್ಲದ ಕೋರ್ 5 ಬೇರೆ. ಕೋರ್ 5-120ಯುನಂಥವು ಹಿಂದಿನ ವಿನ್ಯಾಸದ ಮರುನಾಮಕರಣ. ಕೆಟ್ಟದ್ದೇನಲ್ಲ, ಆದರೆ ಅಲ್ಟ್ರಾದ ಬೆಲೆ ಕೊಡಬಾರದು.

ಎಎಂಡಿಯಲ್ಲಿ ಇನ್ನೂ ಎಚ್ಚರ ಬೇಕು. ರೈಜನ್ 7000 ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಮೂರನೆಯ ಅಂಕಿ ವಿನ್ಯಾಸವನ್ನು ಹೇಳುತ್ತದೆ. ಝೆನ್ ಎಂಬುದು ಆ ವಿನ್ಯಾಸಗಳ ಹೆಸರು, ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಹೊಸದು. 7520ಯು ಎಂಬುದು ಝೆನ್ 2, 7530ಯು ಝೆನ್ 3, 7640ಯು ಝೆನ್ 4. ಮೂರಕ್ಕೂ ಪೆಟ್ಟಿಗೆಯ ಮೇಲೆ ರೈಜನ್ 5 ಎಂದೇ ಇರುತ್ತದೆ. 7520ಯುವಿನಲ್ಲಿ ನಾಲ್ಕೇ ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು), ರ‍್ಯಾಮ್ ಕೂಡ ಬೆಸುಗೆಯದು. 7530ಯುವಿನಲ್ಲಿ ಆರು ಕೋರ್. ಹತ್ತು ರೂಪಾಯಿಯ ಅಂತರದಂತೆ ಕಾಣುವ ಒಂದು ಅಂಕಿ ನಾಲ್ಕು ವರ್ಷದ ಬಳಕೆಯನ್ನು ನಿರ್ಧರಿಸುತ್ತದೆ.

ಬರೀ ಬ್ರೌಸರ್, ಪತ್ರ, ಆನ್‌ಲೈನ್ ತರಗತಿ ಎನ್ನುವವರಿಗೆ ಐ3ರ ಈಚಿನ ತಲೆಮಾರು ಸಾಕು. ಇಂಟೆಲ್‌ನ ಅಗ್ಗದ ಸೆಲೆರಾನ್ ಬೇಡ.

ಹಂತ 6: ಬ್ಯಾಟರಿಯನ್ನು ಗಂಟೆಯಲ್ಲಲ್ಲ, ವ್ಯಾಟ್-ಅವರ್‌ನಲ್ಲಿ ಅಳೆಯಿರಿ

"12 ಗಂಟೆ ಬ್ಯಾಟರಿ" ಎಂಬ ಮಾತು ಪರದೆಯನ್ನು ಮಬ್ಬು ಮಾಡಿ ವಿಡಿಯೊ ಓಡಿಸಿ ಪಡೆದ ಲೆಕ್ಕವಾಗಿರುತ್ತದೆ. ವಿವರಪಟ್ಟಿಯಲ್ಲಿ ಬ್ಯಾಟರಿಯ ಸಾಮರ್ಥ್ಯ ಹೇಳುವ ವ್ಯಾಟ್-ಅವರ್ ಹುಡುಕಿ, ಅದನ್ನು 8ರಿಂದ ಭಾಗಿಸಿದರೆ ಗಂಟೆಯ ಲೆಕ್ಕ ಸಿಗುತ್ತದೆ. ಸಾಧಾರಣ ಕೆಲಸಕ್ಕೆ ತೆಳು ಲ್ಯಾಪ್‌ಟಾಪ್ ಹೆಚ್ಚುಕಡಿಮೆ 8 ವ್ಯಾಟ್ ಎಳೆಯುತ್ತದೆ. 42 ವ್ಯಾಟ್-ಅವರ್‌ಗೆ ಐದು ಗಂಟೆಯ ಮೇಲೆ ಸ್ವಲ್ಪ, 56ಕ್ಕೆ ಏಳು ಗಂಟೆ. ವಿಡಿಯೊ ಕರೆ ಇದ್ದರೆ ಇನ್ನೂ ಕಡಿಮೆ.

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವ ಹಳ್ಳಿಗಳಲ್ಲಿ ಇರುವವರಿಗೆ ಟೈಪ್-ಸಿ ಮೂಲಕ ಚಾರ್ಜ್ ಆಗುವ 65 ವ್ಯಾಟ್‌ನ ಯಂತ್ರ ಅನುಕೂಲ. ಒಂದು ಹಳೆಯ ಸೀಲಿಂಗ್ ಫ್ಯಾನಿಗಿಂತ ಅದು ಕಡಿಮೆ ಎಳೆಯುತ್ತದೆ, ಮನೆಯ ಇನ್ವರ್ಟರ್‌ಗೆ ಭಾರವಾಗುವುದಿಲ್ಲ. ಚಾರ್ಜರ್ ಕೆಟ್ಟರೂ ಬೇರೆ ಕಂಪನಿಯದು ಸಿಗುತ್ತದೆ. ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆಂದು ನಂಬಬೇಡಿ, ಪವರ್ ಡೆಲಿವರಿ ಎಂಬ ಪದ ವಿವರಪಟ್ಟಿಯಲ್ಲಿರಬೇಕು.

ಒಂದು ಎಚ್ಚರಿಕೆ. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಅಂಗೈಯಂಚಿಗೆ ಜುಮ್ಮೆನ್ನುವ ಅನುಭವವಾದರೆ ಯಂತ್ರವನ್ನು ಬೈಯುವ ಮೊದಲು ಮನೆಯ ಅರ್ಥಿಂಗ್ ಪರೀಕ್ಷಿಸಿ. ಅರ್ಥಿಂಗ್ ಇಲ್ಲದ ಹಳೆಯ ಮನೆಗಳಲ್ಲಿ, ಎರಡು ಪಿನ್ನಿನ ಚಾರ್ಜರ್ ಬಳಸುವಲ್ಲಿ, ಚಾರ್ಜರ್‌ನೊಳಗಿನ ಕೆಪ್ಯಾಸಿಟರ್ ಮೂಲಕ ಸೋರುವ ಅತ್ಯಲ್ಪ ವಿದ್ಯುತ್ ಹೀಗೆ ಕೈಗೆ ತಿಳಿಯುತ್ತದೆ. ಮೂರು ಪಿನ್ನಿನ ಪ್ಲಗ್ಗಿಗೂ ಹೊಡೆತ ಜೋರಾಗಿ ಬಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಯುವವರೆಗೆ ಚಾರ್ಜ್ ಹಾಕಬೇಡಿ.

ಹಂತ 7: ಕೆಟ್ಟರೆ ಎಲ್ಲಿಗೆ ಒಯ್ಯಬೇಕು

ವಾರಂಟಿ ಎಷ್ಟು ವರ್ಷ ಎಂಬುದಕ್ಕಿಂತ ಯಾವ ಬಗೆಯದು ಎಂಬುದು ಮುಖ್ಯ. ಆನ್‌ಸೈಟ್ ಎಂದರೆ ಮನೆಗೆ ಬರುತ್ತಾರೆ, ಕ್ಯಾರಿ-ಇನ್ ಎಂದರೆ ನೀವೇ ಒಯ್ಯಬೇಕು. ಕೊಳ್ಳುವ ಮೊದಲೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ನಿಮ್ಮ ಮನೆಯ ಪಿನ್‌ಕೋಡ್ ಹೇಳಿ ಆನ್‌ಸೈಟ್ ಸೇವೆ ಅಲ್ಲಿಗುಂಟೇ ಎಂದು ಕೇಳಿ. ತುಮಕೂರು ನಗರಕ್ಕೆ ಉಂಟು ಎಂದವರು ಪಾವಗಡಕ್ಕೂ ತುರುವೇಕೆರೆಗೂ ಉಂಟು ಎನ್ನಬೇಕೆಂದೇನಿಲ್ಲ. ಬೆಂಗಳೂರಿಗೆ ಎರಡು ಬಾರಿ ಓಡಾಡುವ ಬಸ್ ಚಾರ್ಜು ಮತ್ತು ಎರಡು ದಿನದ ರಜೆಯನ್ನು ಬೆಲೆಗೆ ಸೇರಿಸಿ ನೋಡಿದರೆ, ಸಾವಿರ ರೂಪಾಯಿ ಅಗ್ಗವಾಗಿ ಕಂಡ ಮಾದರಿ ಹಾಗೆ ಉಳಿಯುವುದಿಲ್ಲ.

ಬೀಳುವುದು, ನೀರು ಚೆಲ್ಲುವುದು ಸಾಮಾನ್ಯ ವಾರಂಟಿಗೆ ಬರುವುದಿಲ್ಲ. ರೈಲು, ಬಸ್ಸಿನಲ್ಲಿ ಓಡಾಡುವವರು ಆಕಸ್ಮಿಕ ಹಾನಿಯ ರಕ್ಷಣೆಯನ್ನು ತಯಾರಕರಿಂದಲೇ ಕೊಳ್ಳುವುದು ಒಳ್ಳೆಯದು.

ಹಂತ 8: ಅಂಗಡಿಯೋ, ಆನ್‌ಲೈನೋ, ಹಳೆಯದೋ

ಈ ಹೊತ್ತಿಗೆ ಮೂರು ಮಾದರಿಗಳ ಪೂರ್ತಿ ಸಂಖ್ಯೆ ನಿಮ್ಮ ನೋಟ್‌ಬುಕ್ಕಿನಲ್ಲಿರಬೇಕು. ಒಂದೇ ಹೆಸರಿನ ಲ್ಯಾಪ್‌ಟಾಪ್‌ನಲ್ಲಿ ಪರದೆ, ಬ್ಯಾಟರಿ ಬೇರೆಬೇರೆ ಇರುವ ಹತ್ತಾರು ಉಪಮಾದರಿಗಳಿರುತ್ತವೆ. ಉದ್ದನೆಯ ಸಂಖ್ಯೆಯ ಕೊನೆಯ ಅಕ್ಷರದವರೆಗೂ ಹೋಲಿಸದೆ "ಅಲ್ಲಿ ಮೂರು ಸಾವಿರ ಕಡಿಮೆ" ಎಂದು ಹೇಳುವಂತಿಲ್ಲ. ಅಂಗಡಿಯವರಿಗೆ ಆನ್‌ಲೈನ್ ಬೆಲೆ ತೋರಿಸಿ ಕೇಳುವುದರಲ್ಲಿ ಸಂಕೋಚ ಬೇಡ. ಸ್ವಲ್ಪ ಹೆಚ್ಚಾದರೂ ಕೈಗೆ ಸಿಗುವ ಅಂಗಡಿ ವಾಸಿ ಎಂದು ನನ್ನ ಅಭಿಪ್ರಾಯ.

ಹಳೆಯದಕ್ಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳನ್ನು ನೋಡಬಹುದು. ಗಟ್ಟಿಮುಟ್ಟಾಗಿರುತ್ತವೆ, ಕೀಲಿಮಣೆ ಚೆನ್ನಾಗಿರುತ್ತದೆ. ಎಂಟನೆಯ ತಲೆಮಾರಿಗಿಂತ ಹಳೆಯದು ಬೇಡ. ಅಂಗಡಿಯಲ್ಲೇ ಇಂಟರ್ನೆಟ್ ಜೋಡಿಸಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಲು ಹೇಳಿ. ಆರಂಭದ ಪರದೆಯಲ್ಲಿ ಯಾವುದೋ ಕಂಪನಿಯ ಹೆಸರು ಬಂದು ಅದರ ಇಮೇಲ್ ಕೇಳಿದರೆ, ಆ ಯಂತ್ರ ಇನ್ನೂ ಆ ಕಂಪನಿಯ ನಿರ್ವಹಣೆಯ ಪಟ್ಟಿಯಲ್ಲಿದೆ ಎಂದರ್ಥ. ವಿಂಡೋಸ್‌ಗೂ ಮೊದಲು ಓಡುವ ಬಯೋಸ್ ಎಂಬ ತಂತ್ರಾಂಶ ಪಾಸ್‌ವರ್ಡ್ ಕೇಳಿದರೂ ಅನುಮಾನಿಸಿ. ಎಷ್ಟೇ ಅಗ್ಗವಾದರೂ ಅಲ್ಲಿಗೇ ಬಿಡಿ.

ಹಂತ 9: ಪೆಟ್ಟಿಗೆ ತೆರೆದ ದಿನ

ಪೆಟ್ಟಿಗೆಯ ಮೊಹರು ಒಡೆಯುವುದರಿಂದ ಹಿಡಿದು ಮೊದಲ ಬಾರಿ ಪರದೆ ಬೆಳಗುವವರೆಗೆ ಒಂದೇ ವಿಡಿಯೊ ಮಾಡಿ, ನಡುವೆ ನಿಲ್ಲಿಸಬೇಡಿ. ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆ, ಯಂತ್ರದ ಕೆಳಗಿನ ಕ್ರಮಸಂಖ್ಯೆ, ಬಿಲ್ಲಿನದು ಮೂರೂ ಒಂದೇ ಇರಬೇಕು. ಅದನ್ನು ತಯಾರಕರ ಜಾಲತಾಣದಲ್ಲಿ ಹಾಕಿದಾಗ ವಾರಂಟಿ ಹಿಂದೆಯೇ ಆರಂಭವಾಗಿರುವುದು ಕಂಡರೆ ಬಿಲ್ಲು ಕಳುಹಿಸಿ ದಿನಾಂಕ ತಿದ್ದಿಸಿಕೊಳ್ಳಬೇಕು.

ನಂತರ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಸಂಖ್ಯೆ, ರ‍್ಯಾಮ್, ಎಸ್‌ಎಸ್‌ಡಿ ಮೂರನ್ನೂ ನೋಟ್‌ಬುಕ್ಕಿನೊಡನೆ ತಾಳೆ ನೋಡಿ. ಕಮಾಂಡ್ ಪ್ರಾಂಪ್ಟ್‌ನಿಂದ ಬ್ಯಾಟರಿ ರಿಪೋರ್ಟ್ ಪಡೆಯುವ ಸೌಲಭ್ಯ ವಿಂಡೋಸ್‌ನಲ್ಲೇ ಇದೆ. ಅದರಲ್ಲಿ ವಿನ್ಯಾಸದ ಸಾಮರ್ಥ್ಯ ಮತ್ತು ಪೂರ್ಣ ಚಾರ್ಜ್‌ನ ಸಾಮರ್ಥ್ಯ ಹತ್ತಿರ ಹತ್ತಿರ ಇರಬೇಕು, ಚಾರ್ಜ್ ಆವರ್ತನೆ ಒಂದಂಕಿಯಲ್ಲಿರಬೇಕು. ಹೊಸದೆಂದು ಕೊಂಡದ್ದರಲ್ಲಿ ಆವರ್ತನೆ 60 ಎಂದು ಬಂದರೆ ಅದು ಯಾರೋ ಬಳಸಿದ್ದು ಅಥವಾ ಪ್ರದರ್ಶನಕ್ಕಿಟ್ಟದ್ದು. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಸತ್ತ ಚುಕ್ಕಿ ಹುಡುಕಿ, ಎಲ್ಲ ಕೀಲಿ, ಎಲ್ಲ ಕಿಂಡಿ, ಕ್ಯಾಮೆರಾ, ಮೈಕು, ವೈ-ಫೈ ಪರೀಕ್ಷಿಸಿ. ಕೊನೆಗೆ ತಕ್ಕಡಿಯ ಮೇಲೆ ಚಾರ್ಜರ್ ಸಮೇತ ಇಡಿ.

ದೋಷ ಕಂಡರೆ ಅದೇ ದಿನ ಲಿಖಿತವಾಗಿ ತಿಳಿಸಬೇಕು, ಏಕೆಂದರೆ ಆನ್‌ಲೈನ್ ಮಾರಾಟದಲ್ಲಿ ಬದಲಿ ಕೊಡುವ ಅವಧಿ ಕೆಲವೇ ದಿನಗಳದ್ದು. ಮಾರಿದವರು ತಯಾರಕರತ್ತ, ತಯಾರಕರು ಮಾರಿದವರತ್ತ ಬೆರಳು ತೋರಿಸತೊಡಗಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಆಗ ಕೈಯಲ್ಲಿರಬೇಕಾದವು ಮೂರು: ಬಿಲ್ಲು, ಕ್ರಮಸಂಖ್ಯೆಯ ಫೋಟೊ, ಪೆಟ್ಟಿಗೆ ತೆರೆದ ವಿಡಿಯೊ. ಆ ಮೂರನ್ನೂ ಹೊಸ ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ.